ಒಂಬತ್ತು ಬಿಗ್ ಬ್ಲೈಂಡ್ ಉಳಿದಾಗ ಒಳ್ಳೆ ಎಲೆಗೆ ಕಾಯಬೇಕೇ?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ವರ್ಷಕ್ಕೆ ಒಂದೆರಡು ಸಲ ಗೆಳೆಯರ ಜೊತೆ ಗೋವಾಕ್ಕೆ ಹೋಗಿ ಪೋಕರ್ ಟೂರ್ನಮೆಂಟ್ ಆಡುತ್ತೇನೆ. ಈಚೆಗೆ ಒಂದು ಟೂರ್ನಮೆಂಟ್‌ನಲ್ಲಿ ಬ್ಲೈಂಡ್ (ಎಲೆ ನೋಡುವ ಮುಂಚೆಯೇ ಇಬ್ಬರು ಕಟ್ಟಬೇಕಾದ ಮೊತ್ತ, ಚಿಕ್ಕದು ಸ್ಮಾಲ್ ಬ್ಲೈಂಡ್, ದೊಡ್ಡದು ಬಿಗ್ ಬ್ಲೈಂಡ್) 1,000/2,000 ಇದ್ದಾಗ ನನ್ನ ಹತ್ತಿರ 18,000 ಚಿಪ್ಸ್, ಅಂದರೆ ಒಂಬತ್ತು ಬಿಗ್ ಬ್ಲೈಂಡ್, ಉಳಿದಿತ್ತು. ಬಿಗ್ ಬ್ಲೈಂಡ್‌ನಲ್ಲಿ ಕೂತವರು ಮೇಲೆ 2,000 ಆ್ಯಂಟಿ, ಅಂದರೆ ಇಡೀ ಟೇಬಲ್ ಪರವಾಗಿ ಇನ್ನೊಂದು ಕಡ್ಡಾಯ ಮೊತ್ತ, ಕಟ್ಟಬೇಕಿತ್ತು. ಒಂಬತ್ತು ಜನರ ಟೇಬಲ್. ಒಟ್ಟು 33 ಜನ ಉಳಿದಿದ್ದರು, 27 ಜನಕ್ಕೆ ಬಹುಮಾನ. ನಾನು ಒಳ್ಳೆ ಎಲೆಗೆ ಕಾದೆ. ನಡುವೆ ಕಿಂಗ್-ಜಾಕ್, ನಾಲ್ಕರ ಜೋಡಿ, ಏಸ್-ಐದು ಬಂದವು. ಇವನ್ನು ನಂಬಿ ಸಾಯೋದು ಬೇಡ ಅಂತ ಬಿಟ್ಟೆ. ಎರಡು ಸುತ್ತು ಆಗುವಷ್ಟರಲ್ಲಿ 8,000 ಉಳಿಯಿತು, ಬ್ಲೈಂಡ್ 1,500/3,000 ಆಯಿತು. ಬಟನ್‌ನಲ್ಲಿ, ಅಂದರೆ ಬ್ಲೈಂಡ್ ಕಟ್ಟಿದ ಇಬ್ಬರಿಗಿಂತ ಸರಿಯಾಗಿ ಮುಂಚಿನ ಜಾಗದಲ್ಲಿ, ಏಸ್-ಒಂಬತ್ತು ಬಂದಾಗ ಇದ್ದ ಚಿಪ್ಸ್ ಪೂರ್ತಿ ಹಾಕಿ ಆಲ್-ಇನ್ ಹೋದೆ. ಬಿಗ್ ಬ್ಲೈಂಡ್‌ನವರು ಎಂಟು-ಆರು ಹಿಡಿದು ಕಾಲ್ ಮಾಡಿ (ನಾನು ಹಾಕಿದಷ್ಟೇ ತಾವೂ ಹಾಕಿ) ನನ್ನನ್ನು ಹೊರಗೆ ಹಾಕಿದರು. ಅಂಥ ಎಲೆಗೆ ಯಾರಾದರೂ ಕಾಲ್ ಮಾಡುತ್ತಾರಾ ಸಾರ್? ಇದು ಬರೀ ದುರದೃಷ್ಟವೇ, ಅಥವಾ ನಾನು ಎಲ್ಲಾದರೂ ಎಡವಿದೆನೇ? ಇಂಥ ಪರಿಸ್ಥಿತಿಯನ್ನು ಅಭ್ಯಾಸ ಮಾಡೋದು ಹೇಗೆ? ಆನ್‌ಲೈನ್‌ನಲ್ಲಿ ಆಡಬಹುದೇ?

ಉತ್ತರ: ನೀವು ಬಿಟ್ಟ ಎಲೆಗಳನ್ನೆಲ್ಲ ಬರೆದಿದ್ದೀರಿ. ಆದರೆ ಅವು ಬಂದಾಗ ನೀವು ಯಾವ ಜಾಗದಲ್ಲಿ ಕೂತಿದ್ದಿರಿ, ನಿಮಗಿಂತ ಮುಂಚೆ ಯಾರಾದರೂ ರೈಸ್ ಮಾಡಿದ್ದರೇ (ಮೊತ್ತ ಏರಿಸಿದ್ದರೇ), ನಿಮ್ಮ ನಂತರ ಆಡಬೇಕಿದ್ದವರ ಹತ್ತಿರ ಎಷ್ಟು ಚಿಪ್ಸ್ ಇತ್ತು, ಇದ್ಯಾವುದನ್ನೂ ಬರೆದಿಲ್ಲ. ಚಿಪ್ಸ್ ಕಮ್ಮಿಯಾದಾಗ ಹೆಚ್ಚಿನ ಆಟಗಾರರ ಕಣ್ಣು ಕೈಯಲ್ಲಿರುವ ಎರಡು ಎಲೆಗೇ ಅಂಟಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಎಲೆಗಿಂತ ಉಳಿದ ಮೂರು ಸಂಗತಿಗಳೇ ಜಾಸ್ತಿ ಮುಖ್ಯ.

ಮೊದಲು ಆ ಎಂಟು-ಆರರ ವಿಷಯ ಮುಗಿಸೋಣ. ಕಾಲ್ ಮಾಡಿದವರ ಮೇಲೆ ಸಿಟ್ಟು ಬೇಡ, ಅವರು ಮಾಡಿದ್ದು ಸರಿ. ನೀವು 8,000 ಹಾಕಿದಾಗ ಸ್ಮಾಲ್ ಬ್ಲೈಂಡ್ 1,500, ಬಿಗ್ ಬ್ಲೈಂಡ್ 3,000, ಆ್ಯಂಟಿ 3,000 ಸೇರಿ ಪಾಟ್‌ನಲ್ಲಿ, ಅಂದರೆ ಗೆದ್ದವರಿಗೆ ಸೇರುವ ರಾಶಿಯಲ್ಲಿ, 15,500 ಇತ್ತು. ಅವರು ಆಗಲೇ 3,000 ಕಟ್ಟಿದ್ದರು. ಇನ್ನು 5,000 ಹಾಕಿದರೆ ಸಾಕು. 20,500ರ ಪಾಟ್‌ಗೆ 5,000 ಹಾಕುವವರು ನೂರಕ್ಕೆ 25 ಸಲ ಗೆದ್ದರೂ ನಷ್ಟ ಇಲ್ಲ. ಏಸ್-ಒಂಬತ್ತರ ಎದುರು ಎಂಟು-ಆರು ನೂರಕ್ಕೆ ಸುಮಾರು 38 ಸಲ ಗೆಲ್ಲುತ್ತದೆ. ನಿಮ್ಮ ಎಲೆ ತೋರಿಸಿ ಕೇಳಿದ್ದರೂ ಅವರು ಕಾಲ್ ಮಾಡಬೇಕಿತ್ತು.

ಈಗ ಅದೇ ಎಲೆ, ಅದೇ ಜಾಗ, ಆದರೆ ಎರಡು ಸುತ್ತು ಹಿಂದೆ ಅಂತ ಇಟ್ಟುಕೊಳ್ಳಿ. ಬ್ಲೈಂಡ್ 1,000/2,000, ನಿಮ್ಮ ಹತ್ತಿರ 18,000. ನೀವು ಆಲ್-ಇನ್ ಹೋದರೆ ಪಾಟ್ 23,000 ಆಗುತ್ತದೆ. ಬಿಗ್ ಬ್ಲೈಂಡ್‌ನವರು ಇನ್ನೂ 16,000 ಹಾಕಬೇಕು. ನಷ್ಟ ಆಗದಿರಲು ಅವರು ನೂರಕ್ಕೆ 41 ಸಲ ಗೆಲ್ಲಬೇಕು. ನಿಮ್ಮ ಎಲೆ ಅವರಿಗೆ ಗೊತ್ತಿಲ್ಲ. ಎಂಟು-ಆರು ಹಿಡಿದವರು ಅಲ್ಲಿ ಫೋಲ್ಡ್ ಮಾಡದೇ (ಎಲೆ ಬಿಟ್ಟುಕೊಡದೇ) ಇರುವುದು ಅಪರೂಪ.

ನೀವು ಕಾದ ಎರಡು ಸುತ್ತಿನಲ್ಲಿ ಹೋದದ್ದು ಇದೇ. 10,000 ಚಿಪ್ಸ್ ಹೋಯಿತು ಅಂತ ನೀವು ಲೆಕ್ಕ ಹಾಕಿದ್ದೀರಿ. ಅದಕ್ಕಿಂತ ದೊಡ್ಡದು, ಎದುರಿನವರನ್ನು ಫೋಲ್ಡ್ ಮಾಡಿಸುವ ಶಕ್ತಿ ಹೋಯಿತು. ಪೋಕರ್‌ನವರು ಇದಕ್ಕೆ ಫೋಲ್ಡ್ ಈಕ್ವಿಟಿ ಅನ್ನುತ್ತಾರೆ. ಚಿಪ್ಸ್ ಖಾಲಿಯಾಗುವುದಕ್ಕೆ ಎಷ್ಟೋ ಮುಂಚೆ ಇದು ಖಾಲಿಯಾಗುತ್ತದೆ. ಒಂಬತ್ತು ಬಿಗ್ ಬ್ಲೈಂಡ್ ಇದ್ದಾಗ ನಿಮ್ಮ ಆಲ್-ಇನ್‌ಗೆ ಜನ ಹೆದರುತ್ತಾರೆ. ಆರಕ್ಕೆ ಬಂದಾಗ ಒಂದು ಕ್ಷಣ ಯೋಚಿಸುತ್ತಾರೆ. ಮೂರಕ್ಕಿಂತ ಕೆಳಗೆ ಬಂದರೆ ಎಲೆ ಸರಿಯಾಗಿ ನೋಡುವುದೂ ಇಲ್ಲ.

ಇದು ಎಷ್ಟು ಬೆಲೆಬಾಳುತ್ತದೆ ಅಂತ ಒಂದು ಲೆಕ್ಕ ನೋಡಿ. ನೀವು ಬಟನ್‌ನಲ್ಲಿದ್ದೀರಿ, ನಿಮಗಿಂತ ಮುಂಚಿನವರೆಲ್ಲ ಫೋಲ್ಡ್ ಮಾಡಿದ್ದಾರೆ, ನಿಮ್ಮಲ್ಲಿ 18,000. ಇನ್ನು ಉಳಿದವರು ಇಬ್ಬರೇ. ಒಬ್ಬೊಬ್ಬರೂ ಐದರಲ್ಲಿ ಒಂದು ಸಲ ಕಾಲ್ ಮಾಡುತ್ತಾರೆ ಅನ್ನೋಣ. ಹಾಗಾದರೆ ಇಬ್ಬರೂ ಬಿಡುವುದು ನೂರಕ್ಕೆ 64 ಸಲ. ಅಷ್ಟು ಸಲವೂ ಒಂದು ಎಲೆಯೂ ಬಿಚ್ಚದೆ ನಿಮಗೆ 5,000 ಸಿಗುತ್ತದೆ. ಉಳಿದ 36 ಸಲ ಕಾಲ್ ಬರುತ್ತದೆ. ನಿಮ್ಮ ಎಲೆ ಸಾಧಾರಣ, ಕಾಲ್ ಬಂದಾಗ ನೂರಕ್ಕೆ 35 ಸಲ ಮಾತ್ರ ಗೆಲ್ಲುತ್ತದೆ ಅಂತಲೇ ಇಟ್ಟುಕೊಳ್ಳಿ. ಪಾಟ್ ಸುಮಾರು 39,000. ಅದರಲ್ಲಿ ನಿಮ್ಮ ಪಾಲು 13,650, ಹಾಕಿದ್ದು 18,000. ಸರಾಸರಿ ನಷ್ಟ 4,350. ಈಗ ಕೂಡಿ ಕಳೆಯಿರಿ. 64 ಸಲ 5,000 ಅಂದರೆ 3,20,000 ಲಾಭ. 36 ಸಲ 4,350 ಅಂದರೆ 1,56,600 ನಷ್ಟ. ನೂರು ಸಲಕ್ಕೆ 1,63,400 ಉಳಿಯಿತು, ಸಲಕ್ಕೆ 1,600ಕ್ಕಿಂತ ಜಾಸ್ತಿ. ಕಾಲ್ ಬಂದರೆ ಸೋಲುವ ಸಾಧ್ಯತೆಯೇ ಹೆಚ್ಚಿರುವ ಎಲೆ ಇದು. ಆದರೂ ಆಲ್-ಇನ್ ಲಾಭದ್ದೇ. ಲಾಭ ಬಂದದ್ದು ಎಲೆಯಿಂದ ಅಲ್ಲ, ಆ ಇಬ್ಬರು ಬಿಟ್ಟದ್ದರಿಂದ.

ಇನ್ನು ಕಾಯುವುದರ ಲೆಕ್ಕ. ಹತ್ತರ ಜೋಡಿಯಿಂದ ಮೇಲಿನ ಜೋಡಿಗಳು, ಏಸ್-ಕಿಂಗ್, ಏಸ್-ಕ್ವೀನ್ ಇವಿಷ್ಟೇ ಒಳ್ಳೆ ಎಲೆ ಅಂದುಕೊಳ್ಳಿ. ಎರಡು ಎಲೆಗಳು ಒಟ್ಟು 1,326 ಬಗೆಯಲ್ಲಿ ಬರಬಹುದು. ಅದರಲ್ಲಿ ಇವು 62. ಅಂದರೆ 21 ಕೈಗೆ ಒಂದು. ಒಂಬತ್ತು ಕೈಯ ಒಂದು ಸುತ್ತಿನಲ್ಲಿ ಇಂಥದ್ದು ಒಂದಾದರೂ ಬರುವ ಸಾಧ್ಯತೆ ನೂರಕ್ಕೆ 35. ಮೂರರಲ್ಲಿ ಎರಡು ಸುತ್ತು ನೀವು ಸುಮ್ನೆ ಕೂತು ಎರಡೂವರೆ ಬಿಗ್ ಬ್ಲೈಂಡ್ ಕಟ್ಟುತ್ತೀರಿ. ಕೊನೆಗೆ ಒಳ್ಳೆ ಎಲೆ ಬಂದರೂ, ಅದು ಬರುವ ಹೊತ್ತಿಗೆ ನಾಲ್ಕೋ ಐದೋ ಬಿಗ್ ಬ್ಲೈಂಡ್ ಇರುತ್ತದೆ. ಗೆದ್ದು ಡಬಲ್ ಆದರೂ ಮತ್ತೆ ಎಂಟೊಂಬತ್ತಕ್ಕೇ ಬಂದು ನಿಲ್ಲುತ್ತೀರಿ. ಶುರು ಮಾಡಿದ್ದೇ ಅಲ್ಲಿಂದ ಅಲ್ವಾ?

ನಮ್ಮ ಕಡೆಯ ಬಹಳ ಆಟಗಾರರಿಗೆ ಈ ಕಾಯುವ ಚಾಳಿ ರಮ್ಮಿಯಿಂದ ಬಂದದ್ದು ಅಂತ ನನ್ನ ಅನುಮಾನ. 101ರ ಪೂಲ್ ರಮ್ಮಿಯಲ್ಲಿ ಎಲೆ ಚೆನ್ನಾಗಿಲ್ಲ ಅಂದರೆ ಮೊದಲಿಗೇ ಡ್ರಾಪ್ ಮಾಡಿ 20 ಪಾಯಿಂಟ್‌ಗೆ ಬಚಾವಾಗಬಹುದು. ಆ ಬೆಲೆ ಆಟದ ಕೊನೆಯವರೆಗೂ 20ಯೇ. ಟೂರ್ನಮೆಂಟ್ ಪೋಕರ್‌ನಲ್ಲಿ ಬಿಡುವುದರ ಬೆಲೆ ಲೆವೆಲ್‌ನಿಂದ ಲೆವೆಲ್‌ಗೆ ಏರುತ್ತಾ ಹೋಗುತ್ತದೆ. ರಮ್ಮಿಯ ತಾಳ್ಮೆ ಇಲ್ಲಿ ಕೈ ಸುಡುತ್ತದೆ.

ಬಿಗ್ ಬ್ಲೈಂಡ್‌ನಲ್ಲಿ ಎಣಿಸುವುದರ ಜೊತೆಗೆ ಇನ್ನೊಂದು ಅಳತೆಯೂ ಇದೆ, ಎಂ ಅಂತ. ಅಮೆರಿಕದ ಬ್ಯಾಕ್‌ಗ್ಯಾಮನ್ ಚಾಂಪಿಯನ್ ಪಾಲ್ ಮ್ಯಾಗ್ರಿಯಲ್ ಹೆಸರಿನ ಮೊದಲ ಅಕ್ಷರ ಅದು. ಒಂದು ಸುತ್ತಿಗೆ ಕಟ್ಟಬೇಕಾದ ಒಟ್ಟು ಮೊತ್ತದಿಂದ ನಿಮ್ಮ ಚಿಪ್ಸನ್ನು ಭಾಗಿಸಿದರೆ ಎಂ ಸಿಗುತ್ತದೆ. ನಿಮ್ಮದು 18,000ವನ್ನು 5,000ದಿಂದ ಭಾಗಿಸಿದರೆ 3.6. ಏನೂ ಆಡದೆ ಕೂತರೆ ಮೂರೂವರೆ ಸುತ್ತಿಗೆ ಆಟ ಮುಗಿಯಿತು, ಅದೂ ಬ್ಲೈಂಡ್ ಏರದಿದ್ದರೆ. ಒಂಬತ್ತು ಬಿಗ್ ಬ್ಲೈಂಡ್ ಅಂದಾಗ ಪರವಾಗಿಲ್ಲ ಅನ್ನಿಸುವುದು 3.6 ಅಂದಾಗ ಅನ್ನಿಸುವುದಿಲ್ಲ. ಅದಕ್ಕೇ ಇದನ್ನು ಹೇಳಿದ್ದು.

ಈಗ ಜಾಗದ ವಿಷಯ. ಮೊದಲನೆಯ ಮಾತು, ನಿಮಗಿಂತ ಮುಂಚೆ ಯಾರೂ ಪಾಟ್‌ಗೆ ಇಳಿದಿರಬಾರದು. ಮೊದಲು ಚಿಪ್ಸ್ ಹಾಕುವವರು ನೀವೇ ಆಗಿರಬೇಕು. ಆಗ ಗೆಲ್ಲಲು ಎರಡು ದಾರಿ. ಎಲ್ಲರೂ ಬಿಡಬಹುದು, ಅಥವಾ ಕಾಲ್ ಬಂದರೂ ನಿಮ್ಮ ಎಲೆ ಗೆಲ್ಲಬಹುದು. ಬೇರೆಯವರ ಆಲ್-ಇನ್‌ಗೆ ನೀವು ಕಾಲ್ ಮಾಡಿದರೆ ಒಂದೇ ದಾರಿ. ಅದಕ್ಕೇ ಆಲ್-ಇನ್ ಹೋಗಲು ಬೇಕಾದ ಎಲೆಗಿಂತ ಕಾಲ್ ಮಾಡಲು ಬೇಕಾದ ಎಲೆ ಯಾವತ್ತೂ ಮೇಲ್ಮಟ್ಟದ್ದಾಗಿರಬೇಕು. ಹೊಸಬರು ಇದನ್ನು ಸರಿಯಾಗಿ ಉಲ್ಟಾ ಮಾಡುತ್ತಾರೆ. ಕಿಂಗ್-ಜಾಕ್ ಹಿಡಿದು ತಾವಾಗಿ ಆಲ್-ಇನ್ ಹೋಗಲು ಹೆದರುತ್ತಾರೆ. ಬೇರೆಯವರು ಹೋದಾಗ ಅದೇ ಕಿಂಗ್-ಜಾಕ್‌ನಿಂದ ಕಾಲ್ ಮಾಡುತ್ತಾರೆ.

ಎರಡನೆಯದು, ನಿಮ್ಮ ನಂತರ ಎಷ್ಟು ಜನ ಉಳಿದಿದ್ದಾರೆ ಅನ್ನುವುದು. ಬಿಗ್ ಬ್ಲೈಂಡ್‌ನ ಪಕ್ಕದ ಜಾಗದಲ್ಲಿ ಕೂತಿದ್ದರೆ ಎಂಟು ಜನ. ಅಷ್ಟು ಜನರಲ್ಲಿ ಯಾರಿಗೋ ಒಬ್ಬರಿಗೆ ದೊಡ್ಡ ಎಲೆ ಇರುವ ಸಾಧ್ಯತೆ ಸಾಕಷ್ಟು ಇದೆ. ಒಂಬತ್ತು ಬಿಗ್ ಬ್ಲೈಂಡ್ ಇಟ್ಟುಕೊಂಡು ಅಲ್ಲಿಂದ ಆಲ್-ಇನ್ ಹೋಗಲು ಹೆಚ್ಚುಕಮ್ಮಿ ಐದರ ಜೋಡಿಯಿಂದ ಮೇಲಕ್ಕೆ, ಏಸ್-ಹತ್ತರಿಂದ ಮೇಲಕ್ಕೆ, ಒಂದೇ ಸೂಟಿನ ಕಿಂಗ್-ಕ್ವೀನ್ ಅಥವಾ ಕಿಂಗ್-ಜಾಕ್ ಬೇಕು. ಬಟನ್‌ಗೆ ಬಂದರೆ ಚಿತ್ರವೇ ಬೇರೆ. ಎಲ್ಲ ಜೋಡಿಗಳೂ ಸರಿ, ಏಸ್ ಜೊತೆ ಏನಿದ್ದರೂ ಸರಿ. ಕಿಂಗ್ ಜೊತೆ ಎಂಟೊಂಬತ್ತು ಇದ್ದರೂ ನಡೆಯುತ್ತದೆ. ಕ್ವೀನ್-ಹತ್ತು, ಜಾಕ್-ಹತ್ತು, ಒಂದೇ ಸೂಟಿನ ಒಂಬತ್ತು-ಎಂಟು ಕೂಡ ಸೇರುತ್ತವೆ. ಸ್ಮಾಲ್ ಬ್ಲೈಂಡ್‌ನಲ್ಲಿದ್ದು ಎಲ್ಲರೂ ಬಿಟ್ಟಿದ್ದರೆ ಎದುರಿಗೆ ಒಬ್ಬರೇ. ಅಲ್ಲಿ ಬರುವ ಎಲೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆಲ್-ಇನ್‌ಗೆ ಯೋಗ್ಯ.

ಹಾಗಾಗಿ ನಿಮ್ಮ ಏಸ್-ಐದು ಮೊದಲ ಜಾಗದಲ್ಲಿ ಬಂದಿದ್ದರೆ ಬಿಟ್ಟಿದ್ದು ಸರಿ. ಬಟನ್‌ನಲ್ಲಿ ಬಂದಿದ್ದರೆ ತಪ್ಪು. ಕಿಂಗ್-ಜಾಕ್ ಮತ್ತು ನಾಲ್ಕರ ಜೋಡಿ ಮೊದಲ ಜಾಗದಲ್ಲಿ ಆ ಕಡೆಗೂ ಈ ಕಡೆಗೂ ತೂಗುವಂಥವು. ಬಟನ್‌ಗಿಂತ ಒಂದು ಜಾಗ ಮುಂಚಿನ ಕಟ್‌ಆಫ್‌ನಿಂದ ಆಚೆಗೆ ಎರಡನ್ನೂ ಬಿಡಬಾರದು. ಯಾರಾದರೂ ಮುಂಚೆಯೇ ರೈಸ್ ಮಾಡಿದ್ದರೆ ಮೂರನ್ನೂ ಬಿಟ್ಟದ್ದಕ್ಕೆ ನಾನು ತಕರಾರು ಮಾಡುವುದಿಲ್ಲ.

ಏಸ್ ಬಗ್ಗೆ ಒಂದು ಮಾತು ಸೇರಿಸಬೇಕು. ನಿಮ್ಮ ಕೈಯಲ್ಲಿ ಒಂದು ಏಸ್ ಇದ್ದರೆ ಬೇರೆಯವರಿಗೆ ಏಸ್ ಜೋಡಿ ಬರುವ ಬಗೆಗಳು ಆರರಿಂದ ಮೂರಕ್ಕೆ ಇಳಿಯುತ್ತವೆ, ಏಸ್-ಕಿಂಗ್ 16ರಿಂದ 12ಕ್ಕೆ. ಅಂದರೆ ಕಾಲ್ ಬರುವ ಸಾಧ್ಯತೆಯೇ ಕಮ್ಮಿಯಾಗುತ್ತದೆ. ಆದರೆ ಕಾಲ್ ಬಂದರೆ ಏಸ್-ನಾಲ್ಕು ಬಡಪಾಯಿ. ಏಸ್-ಕಿಂಗ್ ಎದುರು ನಾಲ್ಕರಲ್ಲಿ ಒಂದು ಸಲಕ್ಕಿಂತ ಚೂರು ಜಾಸ್ತಿ ಗೆಲ್ಲುತ್ತದೆ ಅಷ್ಟೇ. ಒಂದೇ ಸೂಟಿನ ಒಂಬತ್ತು-ಎಂಟು ಅದೇ ಏಸ್-ಕಿಂಗ್ ಎದುರು ನೂರಕ್ಕೆ 40ರಷ್ಟು ಸಲ ಗೆಲ್ಲುತ್ತದೆ. ಜನ ಬಿಡುತ್ತಾರೆ ಅನ್ನಿಸುವ ಟೇಬಲ್‌ನಲ್ಲಿ ಏಸ್-ನಾಲ್ಕು ಚೆನ್ನ. ಯಾರಾದರೊಬ್ಬರು ಕಾಲ್ ಮಾಡಿಯೇ ಮಾಡುತ್ತಾರೆ ಅನ್ನಿಸುವಲ್ಲಿ ಒಂದೇ ಸೂಟಿನ ಒಂಬತ್ತು-ಎಂಟಕ್ಕೆ ನನ್ನ ಓಟು.

ಮೂರನೆಯದು ನಿಮ್ಮ ನಂತರ ಆಡುವವರ ಸ್ಟ್ಯಾಕ್, ಅಂದರೆ ಅವರ ಹತ್ತಿರ ಇರುವ ಚಿಪ್ಸ್. ಇದನ್ನು ಪುಸ್ತಕದ ಚಾರ್ಟ್ ಹೇಳುವುದಿಲ್ಲ, ಟೇಬಲ್ ನೋಡಿಯೇ ಕಲಿಯಬೇಕು. ನಿಮ್ಮ ನಂತರ ಬಿಗ್ ಬ್ಲೈಂಡ್‌ನಲ್ಲಿರುವವರ ಹತ್ತಿರ ಬರೀ ಎರಡು ಬಿಗ್ ಬ್ಲೈಂಡ್ ಉಳಿದಿದ್ದರೆ ಅವರು ಬಿಡುವುದಿಲ್ಲ. ಅಲ್ಲಿ ಸಾಧಾರಣ ಎಲೆಯಿಂದ ಹೆದರಿಸಲು ಹೋಗುವುದರಲ್ಲಿ ಅರ್ಥ ಇಲ್ಲ. 80 ಬಿಗ್ ಬ್ಲೈಂಡ್ ಗುಡ್ಡೆ ಹಾಕಿಕೊಂಡವರಿಗೆ ನಿಮ್ಮ ಒಂಬತ್ತು ಲೆಕ್ಕಕ್ಕಿಲ್ಲ. ಕೆಲವರು ಮೋಜಿಗೇ ಕಾಲ್ ಮಾಡುತ್ತಾರೆ. ನಿಮಗೆ ಬೇಕಾದವರು ನಡುವಿನವರು, 12ರಿಂದ 25 ಬಿಗ್ ಬ್ಲೈಂಡ್ ಇಟ್ಟುಕೊಂಡು ಬಹುಮಾನದ ಹತ್ತಿರ ಬಂದವರು. ನಿಮಗೆ ಸೋತರೆ ಅವರ ಕಥೆ ಅರ್ಧ ಮುಗಿದ ಹಾಗೆ. ಅವರು ತುಂಬಾ ಬಿಡುತ್ತಾರೆ. ಅಂಥವರು ಬ್ಲೈಂಡ್‌ನಲ್ಲಿ ಬಂದಾಗ ನೀವು ಬಟನ್‌ನಲ್ಲೋ ಕಟ್‌ಆಫ್‌ನಲ್ಲೋ ಇದ್ದರೆ, ಆ ಕೈಯನ್ನು ಸುಮ್ಮನೆ ಹೋಗಗೊಡಬೇಡಿ.

ಆಲ್-ಇನ್ ಹೋಗುವ ಬದಲು ಕಮ್ಮಿ ರೈಸ್ ಮಾಡಿ ನೋಡಬಹುದಲ್ಲ ಅಂತ ಬಹಳ ಜನ ಕೇಳುತ್ತಾರೆ. ಒಂಬತ್ತು ಬಿಗ್ ಬ್ಲೈಂಡ್‌ನಲ್ಲಿ ಎರಡು ಹಾಕಿ, ಎದುರಿನವರು ಆಲ್-ಇನ್ ಹೋದಾಗ ಬಿಟ್ಟರೆ ಸ್ಟ್ಯಾಕಿನ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಸುಮ್ಮನೆ ಕೊಟ್ಟಂತೆ. ಬಿಡದೆ ಕಾಲ್ ಮಾಡುವುದಾದರೆ ಮೊದಲೇ ಆಲ್-ಇನ್ ಹೋಗಿ ಅವರನ್ನು ಹೆದರಿಸುವ ಅವಕಾಶ ಯಾಕೆ ಬಿಡಬೇಕು? ಬರೀ ಬ್ಲೈಂಡ್‌ನಷ್ಟು ಹಾಕಿ ಒಳಗೆ ಹೋಗುವ ಲಿಂಪ್ ಅಂತೂ ಈ ಮಟ್ಟದಲ್ಲಿ ಬೇಡವೇ ಬೇಡ. ಗಟ್ಟಿ ಆಟಗಾರರು ಹತ್ತು ಬಿಗ್ ಬ್ಲೈಂಡ್‌ನಲ್ಲೂ ಚಿಕ್ಕ ರೈಸ್ ಮಾಡುವುದುಂಟು, ನಿಜ. ಅವರಿಗೆ ಯಾವಾಗ ಬಿಡಬೇಕು ಅನ್ನುವ ಲೆಕ್ಕ ಬಾಯಿಪಾಠ. ವರ್ಷಕ್ಕೆ ಎರಡು ಸಲ ಆಡುವವರಿಗೆ ಆಲ್-ಇನ್ ಅಥವಾ ಫೋಲ್ಡ್, ಎರಡೇ ಸಾಕು.

ಹದಿಮೂರರಿಂದ ಇಪ್ಪತ್ತು ಬಿಗ್ ಬ್ಲೈಂಡ್ ಇದ್ದಾಗ ಇನ್ನೊಂದು ಒಳ್ಳೆ ಆಯುಧ ಕೈಯಲ್ಲಿರುತ್ತದೆ. ಬೇರೆಯವರು ರೈಸ್ ಮಾಡಿದ ಮೇಲೆ ಅವರ ಮೇಲೆ ಆಲ್-ಇನ್ ಹೋಗುವುದು. ಬ್ಲೈಂಡ್ 1,000/2,000, ಬಟನ್‌ನವರು 4,500 ರೈಸ್ ಮಾಡಿದ್ದಾರೆ. ನೀವು ಬಿಗ್ ಬ್ಲೈಂಡ್‌ನಲ್ಲಿದ್ದೀರಿ, ಕಟ್ಟಿದ 2,000 ಸೇರಿ ನಿಮ್ಮದು 30,000. ಪಾಟ್‌ನಲ್ಲಿ ಆಗಲೇ 9,500 ಇದೆ. ನೀವು ಆಲ್-ಇನ್ ಹೋದರೆ ಅವರು ಇನ್ನೂ 25,500 ಹಾಕಬೇಕು, ಗೆಲುವಿನ ಸಾಧ್ಯತೆ ನೂರಕ್ಕೆ 40 ದಾಟಿರಬೇಕು. ಬಟನ್‌ನಿಂದ ಕಂಡ ಕಂಡ ಎಲೆಗೆಲ್ಲ ರೈಸ್ ಮಾಡುವವರು ಅರ್ಧಕ್ಕಿಂತ ಜಾಸ್ತಿ ಸಲ ಬಿಡಬೇಕಾಗುತ್ತದೆ. ಇದನ್ನೇ ಆರು ಬಿಗ್ ಬ್ಲೈಂಡ್‌ನಿಂದ ಮಾಡಿ ನೋಡಿ. 2.2 ಬಿಗ್ ಬ್ಲೈಂಡ್ ಹಾಕಿದವರು ಇನ್ನು 3.8 ಹಾಕಿದರೆ ಸಾಕು, ನೂರಕ್ಕೆ 28 ಸಲ ಗೆದ್ದರೂ ಅವರಿಗೆ ಸರಿಹೋಯಿತು. ಯಾರೂ ಬಿಡುವುದಿಲ್ಲ. ಆಗ ನಿಮ್ಮ ಎಲೆ ನಿಜವಾಗಿಯೂ ಒಳ್ಳೆಯದಿರಬೇಕು. ನೀವು 18,000ಕ್ಕೆ ಇಳಿಯುವ ಮುಂಚೆ 30,000ದಲ್ಲಿ ಎಷ್ಟು ಹೊತ್ತು ಇದ್ದಿರಿ ಅಂತ ಒಮ್ಮೆ ನೆನಪಿಸಿಕೊಳ್ಳಿ. ಹೆಚ್ಚಿನವರ ನಿಜವಾದ ಸೋಲು ಅಲ್ಲೇ ಶುರುವಾಗಿರುತ್ತದೆ.

ಐದಾರು ಬಿಗ್ ಬ್ಲೈಂಡ್ ಉಳಿದು, ನೀವು ಬಿಗ್ ಬ್ಲೈಂಡ್‌ನಲ್ಲೇ ಕೂತಿದ್ದು, ಒಬ್ಬರೇ ರೈಸ್ ಮಾಡಿದ್ದರೆ ಹಳೆಯದೊಂದು ಉಪಾಯವಿದೆ. ಮೊದಲು ಬರೀ ಕಾಲ್ ಮಾಡಿ, ಫ್ಲಾಪ್‌ನ ಮೂರು ಎಲೆ, ಅಂದರೆ ಎಲ್ಲರಿಗೂ ಸೇರಿದ ಮೊದಲ ಮೂರು ಎಲೆ, ಟೇಬಲ್ ಮೇಲೆ ಬೀಳುತ್ತಲೇ ಅದು ಏನೇ ಇರಲಿ ಆಲ್-ಇನ್ ಹೋಗುವುದು. ಜೋಡಿ ಇಲ್ಲದ ಎರಡು ಎಲೆಗೆ ಫ್ಲಾಪ್‌ನಲ್ಲಿ ಜೋಡಿ ಸಿಗುವುದು ಮೂರರಲ್ಲಿ ಒಂದು ಸಲ ಮಾತ್ರ. ಫ್ಲಾಪ್‌ಗೆ ಮುಂಚೆ ಬಿಡದವರು, ತಮಗೆ ಏನೂ ಸಿಗದಿದ್ದಾಗ ಬಿಟ್ಟಾರು. ಈಗಿನವರಿಗೆ ಇದು ಗೊತ್ತು, ಮೊದಲಿನಷ್ಟು ನಡೆಯುವುದಿಲ್ಲ.

ಮೂರಕ್ಕಿಂತ ಕೆಳಗೆ ಬಂದ ಮೇಲೆ ಮಾಡುವುದು ಬಹಳ ಇಲ್ಲ. ಬಿಗ್ ಬ್ಲೈಂಡ್ ಮತ್ತು ಆ್ಯಂಟಿ ಕಟ್ಟಿ ನಿಮ್ಮ ಹತ್ತಿರ ಒಂದೇ ಬಿಗ್ ಬ್ಲೈಂಡ್ ಉಳಿದಿದೆ, ಯಾರೋ ಎರಡು ಬಿಗ್ ಬ್ಲೈಂಡ್ ರೈಸ್ ಮಾಡಿದರು ಅನ್ನಿ. ನಿಮಗೆ 2,000 ಹಾಕಿ 9,000 ಗೆಲ್ಲುವ ಅವಕಾಶ. ನೂರಕ್ಕೆ 18 ಸಲ ಗೆದ್ದರೆ ಸಾಕು. ಎಲೆ ನೋಡುವ ಅಗತ್ಯವೂ ಇಲ್ಲ. ಬಿಗ್ ಬ್ಲೈಂಡ್, ಆ್ಯಂಟಿ ಎರಡನ್ನೂ ಕಟ್ಟುವಷ್ಟು ಚಿಪ್ಸ್ ಇಲ್ಲದಿದ್ದರೆ ಯಾವುದು ಮೊದಲು ಅನ್ನುವ ನಿಯಮ ಒಂದೊಂದು ಕಡೆ ಒಂದೊಂದು ಥರ. ಡೀಲರ್‌ನ ಮುಂಚೆಯೇ ಕೇಳಿಕೊಳ್ಳಿ. ನಿಮ್ಮ ಏಸ್-ಒಂಬತ್ತಿನ ಆಲ್-ಇನ್ ಕೂಡ ಸರಿಯೇ ಇತ್ತು. ಆ ಕೈಯನ್ನು ಮರೆತುಬಿಡಿ.

ಇಲ್ಲಿ ಒಂದು ಹಳೇ ಕಥೆಯ ಬಗ್ಗೆ ಹೇಳಲೇಬೇಕು. 1982ರಲ್ಲಿ ಲಾಸ್ ವೇಗಸ್‌ನ ವರ್ಲ್ಡ್ ಸೀರೀಸ್ ಆಫ್ ಪೋಕರ್ ಮೇನ್ ಈವೆಂಟ್‌ನಲ್ಲಿ ಜಾಕ್ ಸ್ಟ್ರಾಸ್ ಎಂಬ ಆಟಗಾರ ಒಂದು ಹಂತದಲ್ಲಿ ಒಂದೇ ಒಂದು ಚಿಪ್‌ಗೆ ಇಳಿದು, ಅಲ್ಲಿಂದ ಎದ್ದು ಬಂದು ಚಾಂಪಿಯನ್ ಆದರು. 5,20,000 ಡಾಲರ್ ಗೆದ್ದರು. ಒಂದು ಚಿಪ್, ಒಂದು ಕುರ್ಚಿ ಇದ್ದರೆ ಸಾಕು ಅನ್ನುವ ಮಾತು ಆಮೇಲೆ ಈ ಕಥೆಗೇ ಅಂಟಿಕೊಂಡಿತು. ಕಥೆ ಚೆನ್ನಾಗಿದೆ. ಆದರೆ ಇದನ್ನು ಕೇಳಿದವರು ಕುರ್ಚಿ ಬಿಡದೆ ಕೂತಿರುವುದೇ ಆಟ ಅಂದುಕೊಳ್ಳುತ್ತಾರೆ. ಸ್ಟ್ರಾಸ್ ಕೂತು ಗೆಲ್ಲಲಿಲ್ಲ, ಆ ಚಿಪ್ಪನ್ನು ಪಣಕ್ಕಿಟ್ಟು ಗೆದ್ದರು. ಇದರ ಉಲ್ಟಾ ತಪ್ಪೂ ಇದೆ, ಅದನ್ನು ಗೋವಾದಲ್ಲಿ ದಿನಾ ನೋಡಬಹುದು. ಮತ್ತೆ ದುಡ್ಡು ಕಟ್ಟಿ ಒಳಗೆ ಬರಬಹುದು ಅಂತ ಗೊತ್ತಿದ್ದವರು 15 ಬಿಗ್ ಬ್ಲೈಂಡ್ ಇದ್ದರೂ ಬೇಸರ ಬಂದು ಏನೋ ಒಂದು ಎಲೆಗೆ ಎಸೆದುಬಿಡುತ್ತಾರೆ. ಆ 15 ಬಿಗ್ ಬ್ಲೈಂಡ್‌ಗೂ ನಿಜವಾದ ಬೆಲೆ ಇದೆ. ಕಡೇ ಗಳಿಗೆಯಲ್ಲಿ ರಿಜಿಸ್ಟರ್ ಆಗುವವರು ಬಹಳ ಸಲ ಅದಕ್ಕಿಂತ ಸ್ವಲ್ಪವೇ ಜಾಸ್ತಿ ಇಟ್ಟುಕೊಂಡು, ಪೂರ್ತಿ ಫೀಸು ಕೊಟ್ಟು ಶುರು ಮಾಡುತ್ತಾರೆ.

ಇನ್ನು ಬಹುಮಾನದ ಲೆಕ್ಕ. 33 ಜನ ಉಳಿದಿದ್ದರು, 27 ಜನಕ್ಕೆ ಹಣ ಅಂದಿರಿ. ಕಾದದ್ದಕ್ಕೆ ಅದೇ ಕಾರಣ ಅನ್ನಿಸುತ್ತದೆ, ನೀವು ಬಾಯಿಬಿಟ್ಟು ಹೇಳದಿದ್ದರೂ. ಆ ಆಲೋಚನೆಯಲ್ಲಿ ಅರ್ಧ ಸತ್ಯ ಇದೆ.

ಟೂರ್ನಮೆಂಟ್‌ನಲ್ಲಿ ಚಿಪ್ಸ್ ಬೇರೆ, ಹಣ ಬೇರೆ. ಮೂರೇ ಜನ ಉಳಿದಿದ್ದಾರೆ, ಬಹುಮಾನ 50,000, 30,000, 20,000 ಅಂತ ಇಟ್ಟುಕೊಳ್ಳಿ. ಚಿಪ್ಸ್ 5,000, 3,000, 2,000. ಅರ್ಧ ಚಿಪ್ಸ್ ಇಟ್ಟುಕೊಂಡವರ ಪಾಲು ಒಂದು ಲಕ್ಷದಲ್ಲಿ ಅರ್ಧ ಅಲ್ಲ, ಸುಮಾರು 38,400. ನಡುವಿನವರದು 32,750. ಐದರಲ್ಲಿ ಒಂದು ಭಾಗ ಚಿಪ್ಸ್ ಇರುವ ಬಡವರ ಪಾಲು ಸುಮಾರು 28,850. ಈ ಲೆಕ್ಕಕ್ಕೆ ಐಸಿಎಂ (ಇಂಡಿಪೆಂಡೆಂಟ್ ಚಿಪ್ ಮಾಡೆಲ್) ಅನ್ನುತ್ತಾರೆ. ಇದರ ಮೂಲ ಸೂತ್ರ 1973ರಲ್ಲಿ ಡೇವಿಡ್ ಹಾರ್ವಿಲ್ ಕುದುರೆ ರೇಸಿಗಾಗಿ ಬರೆದದ್ದು. ಪೋಕರ್‌ಗೆ 1987ರಲ್ಲಿ ತಂದವರು ಮೇಸನ್ ಮಾಲ್ಮತ್. ಇದರಿಂದ ಎರಡು ವಿಷಯ ತಿಳಿಯುತ್ತದೆ. ಚಿಪ್ಸ್ ಕಮ್ಮಿ ಇರುವವರ ಒಂದೊಂದು ಚಿಪ್‌ಗೂ ದೊಡ್ಡವರ ಚಿಪ್‌ಗಿಂತ ಬೆಲೆ ಜಾಸ್ತಿ. ಮತ್ತು ಕಳೆದುಕೊಳ್ಳುವ ಚಿಪ್ಸ್‌ನ ನೋವು ಗೆಲ್ಲುವ ಚಿಪ್ಸ್‌ನ ಲಾಭಕ್ಕಿಂತ ದೊಡ್ಡದು.

ಹಾಗಾದರೆ ಕಾಯುವುದೇ ಸರಿ ಅಲ್ವಾ ಅಂತ ನೀವು ಕೇಳಬಹುದು. ಒಬ್ಬರೋ ಇಬ್ಬರೋ ಹೋಗಬೇಕಿದ್ದು, ನಿಮಗಿಂತ ಬಡವರು ಮೂರ್ನಾಲ್ಕು ಜನ ಕಣ್ಣೆದುರೇ ಇದ್ದರೆ ಹೌದು, ಕಾಯಿರಿ. ಆರು ಜನ ಹೋಗಬೇಕಿದ್ದಾಗ 3.6 ಸುತ್ತಿನ ಚಿಪ್ಸ್ ಇಟ್ಟುಕೊಂಡು ಕಾದು ದಾಟುವುದು ಕಷ್ಟ, ಅದು ನಿಮಗೇ ಅನುಭವಕ್ಕೆ ಬಂತು. ದಾಟಿದ್ದರೂ ಸಿಗುತ್ತಿದ್ದದ್ದು ಕೊನೆಯ ಸ್ಥಾನದ ಹಣ. ಸಾಮಾನ್ಯವಾಗಿ ಅದು ಕಟ್ಟಿದ ಫೀಸಿನ ಒಂದೂವರೆ ಎರಡು ಪಟ್ಟು. ದೊಡ್ಡ ಹಣವೆಲ್ಲ ಮೊದಲ ಮೂರು ನಾಲ್ಕು ಸ್ಥಾನದಲ್ಲಿರುತ್ತದೆ. ಹಣ ಹತ್ತಿರ ಬಂದಾಗ ಬಿಗಿ ಮಾಡಬೇಕಾದದ್ದು ನಿಮ್ಮ ಕಾಲ್‌ಗಳನ್ನು, ಆಲ್-ಇನ್‌ಗಳನ್ನಲ್ಲ. ಎಲ್ಲರೂ ಹೆದರಿ ಬಿಡುವ ಹೊತ್ತು ಅದು. ಒಂಬತ್ತು ಬಿಗ್ ಬ್ಲೈಂಡ್ ಇರುವವರಿಗೆ ಅದಕ್ಕಿಂತ ಒಳ್ಳೆ ಹೊತ್ತು ಸಿಗುವುದಿಲ್ಲ.

ಇದಕ್ಕೆ ಒಂದೇ ಅಪವಾದ ಸ್ಯಾಟಲೈಟ್. ಹತ್ತು ಜನಕ್ಕೆ ದೊಡ್ಡ ಟೂರ್ನಮೆಂಟ್‌ನ ಸೀಟು, ಹನ್ನೊಂದು ಜನ ಉಳಿದಿದ್ದಾರೆ ಅನ್ನಿ. ಮೊದಲನೆಯವರಿಗೂ ಹತ್ತನೆಯವರಿಗೂ ಸಿಗುವುದು ಒಂದೇ. ಅಲ್ಲಿ ಒಬ್ಬರ ಹತ್ತಿರ ಒಂದೇ ಚಿಪ್ ಉಳಿದಿದ್ದು, ನಿಮ್ಮ ಹತ್ತಿರ ಮೂರು ಸುತ್ತಿಗೆ ಆಗುವಷ್ಟು ಇದ್ದರೆ, ದೊಡ್ಡ ಸ್ಟ್ಯಾಕ್‌ನವರು ಆಲ್-ಇನ್ ಹೋದಾಗ ಏಸ್ ಜೋಡಿಯನ್ನೂ ಬಿಡಬೇಕು. ಮನಸ್ಸು ಒಪ್ಪುವುದಿಲ್ಲ, ಗೊತ್ತು. ಲೆಕ್ಕ ಹಾಗೇ ಹೇಳುತ್ತದೆ.

ಕೊನೆಯದಾಗಿ ಅಭ್ಯಾಸ. ಹಣ ಕಟ್ಟಿ ಆನ್‌ಲೈನ್‌ನಲ್ಲಿ ಆಡುವ ಯೋಚನೆ ಬಿಡಿ. 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸು ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಕೌಶಲದ ಆಟ, ಅದೃಷ್ಟದ ಆಟ ಅನ್ನುವ ಭೇದವನ್ನೂ ಅದು ಮಾಡಿಲ್ಲ. ರಾಜ್ಯ ಸರ್ಕಾರ ತಂದಿದ್ದ ನಿಷೇಧವನ್ನು 2022ರ ಫೆಬ್ರವರಿಯಲ್ಲಿ ನಮ್ಮ ಹೈಕೋರ್ಟ್ ರದ್ದು ಮಾಡಿತ್ತಲ್ಲ ಅಂತ ಕೆಲವರು ಈಗಲೂ ವಾದ ಮಾಡುತ್ತಾರೆ. ಅದು ಹಿಂದಿನ ಕಾನೂನಿನ ವಿಷಯ, ಇದು ಕೇಂದ್ರದ್ದು. ಹಾಗೇ ಗೋವಾದಲ್ಲಿ ಗೆದ್ದರೆ ಗೆದ್ದ ಹಣಕ್ಕೆ ನೂರಕ್ಕೆ 30 ತೆರಿಗೆ, ಮೇಲೆ ಸೆಸ್. ಸೋತ ಟೂರ್ನಮೆಂಟ್‌ಗಳ ಫೀಸನ್ನು ಅದರಲ್ಲಿ ಕಳೆಯಲು ಬರುವುದಿಲ್ಲ. ಪ್ರವಾಸದ ಬಜೆಟ್ ಹಾಕುವಾಗ ಇದನ್ನೂ ಸೇರಿಸಿಕೊಳ್ಳಿ.

ಅಭ್ಯಾಸಕ್ಕೆ ಒಂದು ಕಟ್ಟು ಇಸ್ಪೀಟು ಸಾಕು. ಒಂದು ಚೀಟಿಯಲ್ಲಿ ಬ್ಲೈಂಡ್, ನಿಮ್ಮ ಸ್ಟ್ಯಾಕ್, ಕೂತ ಜಾಗ, ನಂತರ ಉಳಿದವರ ಸ್ಟ್ಯಾಕ್ ಬರೆಯಿರಿ. ಆಮೇಲೆ ಎರಡು ಎಲೆ ತೆಗೆಯಿರಿ. ಎಲೆ ನೋಡುವ ಮುಂಚೆಯೇ ಈ ಜಾಗದಿಂದ ಯಾವ ಯಾವ ಎಲೆಗೆ ಹೋಗುತ್ತೇನೆ ಅಂತ ಬಾಯಿಬಿಟ್ಟು ಹೇಳಿ, ನಂತರ ನೋಡಿ, ಹತ್ತು ಸೆಕೆಂಡಿನಲ್ಲಿ ನಿರ್ಧಾರ ಮಾಡಿ. ಆಲ್-ಇನ್, ಫೋಲ್ಡ್ ಚಾರ್ಟ್‌ಗಳು ಪುಕ್ಕಟೆ ಸಿಗುತ್ತವೆ, ಅದರ ಜೊತೆ ತಾಳೆ ನೋಡಿ. ಚಾರ್ಟ್ ತೆಗೆದುಕೊಳ್ಳುವಾಗ ಅದು ಆ್ಯಂಟಿ ಸೇರಿಸಿ ಮಾಡಿದ್ದೋ ಇಲ್ಲವೋ ಅಂತ ಮೊದಲು ಓದಿ. ಆ್ಯಂಟಿ ಇಲ್ಲದ ಹಳೆ ಚಾರ್ಟ್‌ಗಳು ಇನ್ನೂ ಓಡಾಡುತ್ತಿವೆ, ಅವನ್ನು ಹಿಡಿದು ಆಡಿದರೆ ಮತ್ತೆ ಬೇಕಾದ್ದಕ್ಕಿಂತ ಜಾಸ್ತಿ ಕಾಯುತ್ತೀರಿ. ಮೊದಲು ಬಟನ್ ಮತ್ತು ಸ್ಮಾಲ್ ಬ್ಲೈಂಡ್ ಎರಡನ್ನೇ ಎಂಟು, ಹತ್ತು, ಹನ್ನೆರಡು ಬಿಗ್ ಬ್ಲೈಂಡ್‌ಗೆ ಗಟ್ಟಿ ಮಾಡಿಕೊಳ್ಳಿ. ಮೊದಲ ಜಾಗದ ಎಲೆಗಳನ್ನು ಆಮೇಲೆ ಕಲಿತರೂ ಆದೀತು, ಅಲ್ಲಿ ಹೇಗೂ ಹೆಚ್ಚಿನ ಸಲ ಬಿಡುವುದೇ.